ತಪ್ಪು ಅವರದು, ಫೀ ನಾನು ಕೊಡಬೇಕೆ?

ಪ್ರಶ್ನೆ: ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತಂದೆ ತೀರಿಕೊಂಡ ಮೇಲೆ ನಿದ್ದೆ ಹತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ, ಹದಿನೈದು ದಿನಕ್ಕೊಮ್ಮೆ ಬಳ್ಳಾರಿಗೆ ಹೋಗಿ ಆಪ್ತಸಮಾಲೋಚಕಿಯೊಬ್ಬರನ್ನು ಕಾಣುತ್ತಿದ್ದೇನೆ. ಒಂದು ಭೇಟಿಗೆ 800 ರೂಪಾಯಿ. ಆರನೆಯ ಭೇಟಿಯಲ್ಲಿ ಅವರು, ‘ಡೈವೋರ್ಸ್ ಕೇಸಿನ ಮುಂದಿನ ತಾರೀಖು ಯಾವಾಗ?’ ಎಂದು ಕೇಳಿದರು. ನನಗೆ ಅಂಥ ಕೇಸೇ ಇಲ್ಲ. ಹೆಂಡತಿ ಮಕ್ಕಳೊಡನೆ ಚೆನ್ನಾಗಿದ್ದೇನೆ. ಬೇರೆ ಯಾರದೋ ಕಥೆಯನ್ನು ನನ್ನದೆಂದುಕೊಂಡಿದ್ದರು. ಕೂಡಲೇ ಕ್ಷಮೆ ಕೇಳಿದರು. ಆದರೆ ಉಳಿದ ಅರ್ಧ ಗಂಟೆ ಆ ಗೊಂದಲದ ಮಾತಿನಲ್ಲೇ ಹೋಯಿತು. ಹೊರಡುವಾಗ ಎಂದಿನಂತೆ ಮೇಜಿನ ಮೇಲಿನ ಕ್ಯೂಆರ್ ಕೋಡನ್ನು ನನ್ನ ಕಡೆ ಸರಿಸಿದರು, ನಾನೂ ಹಣ ಕಟ್ಟಿ ಬಂದೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅದೇ ಕೊರೆಯುತ್ತಿತ್ತು. ಅವರು ಹಣ ತೆಗೆದುಕೊಂಡದ್ದು ಸರಿಯೇ? ವಾಪಸ್ ಕೇಳಿದರೆ ಸಣ್ಣತನವಾಗುತ್ತದೆಯೇ? ಅವರಿಂದ ನನಗೆ ಉಪಕಾರವಾಗಿದೆ, ಬಿಡಲು ಮನಸ್ಸಿಲ್ಲ.
— ಹೆಸರು ಬೇಡ, ಗಂಗಾವತಿ

ಉತ್ತರ: ಸಣ್ಣತನವಾಗುವುದಿಲ್ಲ, ಕೇಳಿ. ಅಂದಿನ ಹಣವನ್ನು ಅವರು ತೆಗೆದುಕೊಳ್ಳಬಾರದಿತ್ತು ಎಂಬುದೇ ನನ್ನ ಅಭಿಪ್ರಾಯ. ಹಾಗೆಂದು ತಪ್ಪು ನಡೆದ ಭೇಟಿಗೆಲ್ಲ ಫೀ ಬಿಡಬೇಕು ಎಂದು ನಾನು ಹೇಳಲಾರೆ.

ನಮ್ಮ ಕೆಲಸದಲ್ಲಿ ತಪ್ಪೇ ಆಗದ ಭೇಟಿ ಅಪರೂಪ. ಕೇಳಬಾರದ ಹೊತ್ತಿನಲ್ಲಿ ಪ್ರಶ್ನೆ ಕೇಳಿರುತ್ತೇವೆ, ಎದುರಿನವರ ಮೌನವನ್ನು ಸಿಟ್ಟೆಂದು ತಿಳಿದಿರುತ್ತೇವೆ, ಅಳಲು ಬಿಡಬೇಕಾದಲ್ಲಿ ಸಮಾಧಾನ ಹೇಳಿರುತ್ತೇವೆ. ಹೀಗೆ ಹಳಿತಪ್ಪಿದ ಮಾತನ್ನು ಇಬ್ಬರೂ ಕೂಡಿ ಬಿಡಿಸಿ ನೋಡಿ ಸರಿಪಡಿಸಿಕೊಳ್ಳುವುದು ಚಿಕಿತ್ಸೆಯ ಭಾಗವೇ ಆಗಿದೆ; ನಂಟರಲ್ಲಿ ಮುನಿಸು ಬಂದರೆ ಮಾತು ಬಿಟ್ಟೇ ರೂಢಿಯಾದವರಿಗೆ, ಮುನಿದವರ ಎದುರು ಕುಳಿತು ಮತ್ತೆ ಮಾತಾಡಬಹುದು ಎಂಬುದು ಎಷ್ಟೋ ಸಲ ಅಲ್ಲಿಯೇ ಮೊದಲು ಅನುಭವಕ್ಕೆ ಬರುತ್ತದೆ. ಅಂಥ ಪ್ರತಿ ತಪ್ಪಿಗೂ ಹಣ ಬಿಡಬೇಕೆಂದರೆ ಸಮಾಲೋಚಕರು ತಪ್ಪನ್ನು ಒಪ್ಪಿಕೊಳ್ಳುವುದನ್ನೇ ಬಿಟ್ಟಾರು.

ನಿಮ್ಮ ವಿಷಯ ಬೇರೆ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1913ರಲ್ಲಿ ಬರೆದ ಲೇಖನವೊಂದರಲ್ಲಿ, ತನ್ನ ದಿನದ ಒಂದು ಗಂಟೆಯನ್ನು ರೋಗಿಗೆ ಗುತ್ತಿಗೆಗೆ ಕೊಟ್ಟಂತೆ, ಆತ ಬರದಿದ್ದರೂ ಅದರ ಹಣ ಕೊಡಬೇಕು ಎಂದು ಹೇಳುತ್ತಾನೆ. ಬರದ ಭೇಟಿಗೂ ಫೀ ಕೇಳುವ ಇಂದಿನ ಸಮಾಲೋಚಕರ ನಿಯಮದ ಹಿಂದಿರುವುದೂ ಇದೇ ತರ್ಕ. ನಿಯಮ ಬಿಗಿಯಾಯಿತು ಎನ್ನಿಸಬಹುದು, ಆದರೆ ಅದನ್ನು ಒಪ್ಪಿದರೆ ಅದರ ಇನ್ನೊಂದು ಮಗ್ಗುಲನ್ನೂ ಒಪ್ಪಬೇಕಾಗುತ್ತದೆ: ಆ ಗಂಟೆ ನಿಮ್ಮದಾಗಿದ್ದರೆ, ಅದರಲ್ಲಿ ಅವರ ಗಮನವೂ ನಿಮ್ಮದಾಗಿರಬೇಕಿತ್ತು. ಅವರು ಕುಳಿತದ್ದು ನಿಮ್ಮೆದುರು, ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರು. ಹಿಂದಿನ ಭೇಟಿಯ ಟಿಪ್ಪಣಿಯನ್ನು ಎರಡು ನಿಮಿಷ ತಿರುವಿಹಾಕಿದ್ದರೆ ತಪ್ಪುತ್ತಿದ್ದ ಅಜಾಗರೂಕತೆ ಇದು. ಊಹೆ ಹುಸಿಯಾದ ತಪ್ಪಲ್ಲ. ಗಿರಣಿಯಲ್ಲಿ ಕೆಲಸ ಮಾಡುವ ನಿಮಗೆ ಬಿಡಿಸಿ ಹೇಳಬೇಕಿಲ್ಲ: ವೇಬ್ರಿಜ್‌ನವರು ಬೇರೆ ಲಾರಿಯ ನಂಬರಿಗೆ ನಿಮ್ಮ ಭತ್ತದ ತೂಕ ಬರೆದರೆ, ಚೀಟಿ ತಿದ್ದಿಕೊಡುವ ಹೊತ್ತಿಗೂ ಸೇರಿಸಿ ದುಡ್ಡು ಕೇಳಿದರೆ ನೀವು ಸುಮ್ಮನಿರುತ್ತೀರಾ?

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ಕಂಪ್ಲಿಯಿಂದ ಬರುತ್ತಿದ್ದ ಹೆಣ್ಣುಮಗಳೊಬ್ಬರಿಗೆ ಕೊಟ್ಟ ಸಮಯವನ್ನೇ ಮರೆತಿದ್ದೆ. ಏಪ್ರಿಲ್ ಬಿಸಿಲಿನಲ್ಲಿ ಬೀಗ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಕುಳಿತು ಅವರು ಹಿಂದಿರುಗಿದ್ದರು. ಮುಂದಿನ ಸಲ ಅವರು ಚಪ್ಪಲಿ ಬಿಡುತ್ತಿರುವಾಗಲೇ ‘ಇವತ್ತಿನ ಫೀ ಬೇಡಮ್ಮ’ ಎಂದುಬಿಟ್ಟೆ. ‘ಇರ್ಲಿ ಬಿಡ್ರಿ ಮೇಡಂ’ ಎಂದರು. ಆ ವಿಷಯ ಮತ್ತೆ ಎತ್ತಲಿಲ್ಲ. ಎರಡು ಭೇಟಿಯ ನಂತರ ಬರುವುದನ್ನೂ ನಿಲ್ಲಿಸಿದರು. ಅವರು ಆಡಬೇಕಿದ್ದ ಸಿಟ್ಟಿನ ಬಾಯಿಯನ್ನು ನಾನು ಹಣದಿಂದ ಮುಚ್ಚಿದ್ದೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಫೀ ಬಿಡುವುದಾದರೂ ಮೊದಲು ಮಾತು, ಆಮೇಲೆ ಹಣ.

ಆದ್ದರಿಂದ ನೀವೂ ಫೋನಿನಲ್ಲಿ ಮೆಸೇಜ್ ಕಳಿಸಿ ಹಣ ಕೇಳಬೇಡಿ. ಮುಂದಿನ ಭೇಟಿಯ ಆರಂಭದಲ್ಲೇ, ‘ಹೋದ ಸಲ ನಡೆದದ್ದು ಮನಸ್ಸಿನಿಂದ ಹೋಗಿಲ್ಲ, ಆ ದಿನದ ಫೀ ಕೊಟ್ಟದ್ದೂ ಸರಿಯೆನಿಸಲಿಲ್ಲ’ ಎಂದು ಹೇಳಿ ನೋಡಿ. ಅವರು ಆ ಹಣವನ್ನು ಈ ಹೊಸ ಭೇಟಿಯ ಫೀಗೆ ಹೊಂದಿಸಿದರೆ ಅಲ್ಲಿಗೆ ಲೆಕ್ಕ ಚುಕ್ತಾ. ಹಣಕ್ಕಿಂತ ಮುಖ್ಯವಾದ ಇನ್ನೊಂದನ್ನೂ ಕೇಳಿ, ನೀವು ಬರೆಯದಿದ್ದರೂ ನಿಮ್ಮನ್ನು ಕೊರೆಯುತ್ತಿರುವುದು ಅದೇ ಇರಬಹುದು: ಬೇರೆಯವರ ಕೇಸು ನನ್ನ ಕಿವಿಗೆ ಬಿದ್ದಂತೆ ನನ್ನ ಮಾತು ಇನ್ನಾರ ಕಿವಿಗೆ ಬಿದ್ದಿದೆ, ಟಿಪ್ಪಣಿಗಳನ್ನು ಹೇಗೆ ಇಡುತ್ತೀರಿ ಎಂದು. ಈ ಪ್ರಶ್ನೆಗೆ ಅವರು ಸಿಡುಕಿದರೆ ಬೇರೊಬ್ಬರನ್ನು ಹುಡುಕುವುದು ಒಳ್ಳೆಯದು. ದುಡ್ಡು ಕೊಟ್ಟು ಪಡೆದ ಸೇವೆಯ ಲೋಪಕ್ಕೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ; ಆದರೆ 800 ರೂಪಾಯಿಗೆ, ಅದೂ ಕ್ಷಮೆ ಕೇಳಿದವರ ಮೇಲೆ, ಆ ದಾರಿ ಹಿಡಿಯಿರಿ ಎಂದು ನಾನು ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಅಕ್ಕನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೆದಿದೆ. ಸಿಬ್ಬಂದಿಯೊಬ್ಬರು ಪಾಳಿಯಲ್ಲಿ ನಿಂತವರೆಲ್ಲರ ಎದುರು ಆಕೆಯ ಚೀಟಿಯನ್ನು ಗಟ್ಟಿಯಾಗಿ ಓದಿದರು. ನಾವು ಹಣವನ್ನೇ ಕೊಟ್ಟಿಲ್ಲ. ಕೇಳುವ ಹಕ್ಕು ನಮಗಿದೆಯೇ?
— ಓದುಗರು, ಮಾನ್ವಿ

ಉತ್ತರ: ಇದೆ. ಎಲ್ಲರಿಗೂ ಉಚಿತವಾಗಿ ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿರುವುದು ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಣದ ಲೆಕ್ಕ ಕೇಳುವುದಿಲ್ಲ: ಅದರ 23ನೆಯ ಕಲಂ ರೋಗಿಯ ವಿವರಗಳ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ, 28ನೆಯ ಕಲಂ ಸೇವೆಯ ಲೋಪದ ಬಗ್ಗೆ ದೂರು ಕೊಡಲು ಅವಕಾಶ ಕೊಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಆರಂಭಿಸಿದ್ದು ನಿಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ; ಅದರ ಮಾದರಿಯಲ್ಲಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಹೀಗಾಗಿ ನಿಮಗೆ ಸಿಗುತ್ತಿರುವ ಚಿಕಿತ್ಸೆ ಯಾರೋ ಧರ್ಮಕ್ಕೆ ಕೊಟ್ಟದ್ದಲ್ಲ. ದೂರನ್ನು ನಿಮ್ಮ ಅಕ್ಕನೋ ಆಕೆ ನೇಮಿಸಿದ ಪ್ರತಿನಿಧಿಯೋ ಮೊದಲು ಆ ಆಸ್ಪತ್ರೆಯ ಉಸ್ತುವಾರಿ ವೈದ್ಯಾಧಿಕಾರಿಗೆ ಕೊಡಬೇಕು, ತೃಪ್ತಿಯಾಗದಿದ್ದರೆ ಇದೇ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ. ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.