1991ರ ‘ಅನದರ್ ವರ್ಲ್ಡ್’ ಗೇಮ್ ಈಗ ಆಡಬಹುದಾ? ಆಡಿದವರು ಏನಂತಾರೆ?

ಆಡಬಹುದು, ಆದರೆ ತಾಳ್ಮೆ ಬೇಕು. ದಾವಣಗೆರೆಯ ನಮ್ಮ ಗೆಳೆಯರ ಬಳಗದಲ್ಲೇ ಇದರ ಬಗ್ಗೆ ಎರಡು ಪಂಗಡ ಇವೆ. ವಿದ್ಯಾನಗರದವನೊಬ್ಬ ಇದನ್ನು ತಲೆ ಮೇಲೆ ಹೊತ್ತು ತಿರುಗುತ್ತಾನೆ. ಇನ್ನೊಬ್ಬ ಅರ್ಧ ಗಂಟೆಗೇ ಕೈಮುಗಿದ.

ಇಬ್ಬರ ಮಾತೂ ಸರಿಯೇ. ಲೆಸ್ಟರ್ ಅನ್ನೋ ವಿಜ್ಞಾನಿಯ ಪ್ರಯೋಗಾಲಯಕ್ಕೆ ಸಿಡಿಲು ಬಡಿದು, ಅವನು ಬೇರೆ ಲೋಕದ ಕೊಳದೊಳಗೆ ಬೀಳುತ್ತಾನೆ. ಕೂಡಲೇ ಈಜಿ ಮೇಲೆ ಬರದಿದ್ದರೆ ಕಥೆ ಅಲ್ಲೇ ಮುಗೀತು. ದಡ ಹತ್ತಿದರೆ ಜಿಗಣೆಯಂಥ ಹುಳುಗಳು. ಒಂದು ಕಾಲಿಗೆ ಪರಚಿದರೂ ಸಾವು! ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲ್ಲ. ಸತ್ತು ಸತ್ತೇ ಕಲಿಯಬೇಕು. ಬೈಯುವವರು ಬೈಯೋದು ಇದಕ್ಕೇ.

ಹೊಗಳುವವರು ಹಿಡಿದುಕೊಳ್ಳೋದು ಅದರ ನೋಟವನ್ನು. ಫ್ರಾನ್ಸಿನ ಎರಿಕ್ ಶಾಹಿ ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ ಗೇಮ್ ಇದು. ಪರದೆ ಮೇಲೆ ಸ್ಕೋರ್ ಇಲ್ಲ, ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಪಟ್ಟಿಯೂ ಇಲ್ಲ. ಜೊತೆಗೆ ಸಿಗುವ ಅನ್ಯಲೋಕದ ಗೆಳೆಯನ ಮಾತು ಒಂದಕ್ಷರವೂ ಅರ್ಥವಾಗಲ್ಲ, ಆದರೂ ಅವನ ಮೇಲೆ ಅಕ್ಕರೆ ಹುಟ್ಟುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಬಂದೂಕು. ಒಂದೇ ಗುಂಡಿ: ಒತ್ತಿ ಬಿಟ್ಟರೆ ಗುಂಡು, ಸ್ವಲ್ಪ ಹಿಡಿದರೆ ಗುರಾಣಿ, ಇನ್ನೂ ಹಿಡಿದರೆ ಎದುರಾಳಿಯ ಗುರಾಣಿ ಒಡೆಯುವ ಹೊಡೆತ.

20ನೇ ವರ್ಷದ ಆವೃತ್ತಿ ತೊಗೊಳ್ಳಿ. ಚಿತ್ರ ಸ್ಪಷ್ಟವಾಗಿದೆ, ಬೇಕೆಂದಾಗ ಹಳೆಯ ಚಿತ್ರಕ್ಕೂ ಬದಲಿಸಬಹುದು. ಸುಮ್ನೆ ಯೂಟ್ಯೂಬ್ ನೋಡಿಕೊಂಡು ಆಡಬೇಡಿ. ದಾರಿ ಗೊತ್ತಿದ್ದರೆ ಗೇಮ್ ಬೇಗ ಮುಗಿದುಬಿಡುತ್ತೆ, ಆಮೇಲೆ ‘ಇಷ್ಟೇನಾ’ ಅನ್ನಿಸುತ್ತೆ.