ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳ ಶ್ರೀಸಾಮಾನ್ಯ ಯಾಕೆ ಮಾತಾಡುವುದಿಲ್ಲ?

ಪುಣೆಯಲ್ಲಿ ಓದುವ ಮಗಳ ಪ್ರಾಜೆಕ್ಟ್‌ಗೆ ಇದನ್ನು ಕೇಳಿದ್ದೀರಿ. ಬಾಯಿ ಬಿಟ್ಟರೆ ಅವನೂ ಇನ್ನೊಬ್ಬ ಭಾಷಣಕಾರ ಆಗುತ್ತಾನೆ, ಅಷ್ಟೇ.

ಮೈಸೂರಿನಿಂದ ಮುಂಬೈಗೆ ಬಂದ ಆರ್.ಕೆ. ಲಕ್ಷ್ಮಣ್ 1951ರಲ್ಲಿ ಪತ್ರಿಕೆಯಲ್ಲಿ ಶುರು ಮಾಡಿದ ಆ ವ್ಯಂಗ್ಯಚಿತ್ರದ ಚೌಕಟ್ಟಿನಲ್ಲಿ ಮಾತೆಲ್ಲ ಹೆಚ್ಚಾಗಿ ಕುರ್ಚಿಯಲ್ಲಿರುವವರದು. ಮಂತ್ರಿಯೋ ಅಧಿಕಾರಿಯೋ ಗಂಭೀರವಾಗಿ ಏನೋ ಹೇಳುತ್ತಾರೆ, ತಮ್ಮ ಮಾತಲ್ಲೇ ಸಿಕ್ಕಿಬೀಳುತ್ತಾರೆ. ವ್ಯಂಗ್ಯ ಅದೇ. ಚೌಕಳಿ ಕೋಟು, ಧೋತ್ರದ ನಮ್ಮವನು ಪಕ್ಕದಲ್ಲಿ ಸುಮ್ನೆ ನಿಂತಿರುತ್ತಾನೆ, ನಾವು ನೋಡುವುದೂ ಅವನ ಕಣ್ಣಿಂದಲೇ, ಹಾಗಾಗಿ ಅಧಿಕಾರ ಅವರದಾದರೂ ತೀರ್ಪು ನಮ್ಮದು. (ಪುಣೆಯ ಸಿಂಬಯೋಸಿಸ್ ಶಿಕ್ಷಣ ಸಂಸ್ಥೆಯಲ್ಲಿ 2001ರಿಂದ ಅವನ ಕಂಚಿನ ಪ್ರತಿಮೆ ಇದೆ. ಅಧಿಕಾರ ಇಲ್ಲದವನಿಗೆ ಪೀಠ! ತಮಾಷೆ ಅಲ್ವಾ?)

ಮಗಳು ಮೊದಲು ವ್ಯಂಗ್ಯಚಿತ್ರದ ಕೆಳಗಿನ ಸಾಲನ್ನು ಕೈಯಿಂದ ಮುಚ್ಚಿ ಚಿತ್ರ ಮಾತ್ರ ನೋಡಲಿ. ಯಾರು ಜಾಸ್ತಿ ಜಾಗ ಹಿಡಿದಿದ್ದಾರೆ, ಯಾರು ಅಂಚಿಗೆ ಹೋಗಿದ್ದಾರೆ, ಅದನ್ನು ಬರೆದುಕೊಂಡು ಆಮೇಲೆ ಸಾಲು ಓದಲಿ.