ಕಲಾ ಕಾಲೇಜಿನಲ್ಲಿ ರೇಖಾಚಿತ್ರ, ವರ್ಣಚಿತ್ರ, ಡಿಜಿಟಲ್ ಇಮೇಜಿಂಗ್ ಮೂರನ್ನೂ ಒಬ್ಬರೇ ಕಲಿಸುವುದು ಹೇಗೆ?

ನಮಸ್ಕಾರ. ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮುಗಿಸಿ ಈ ವರ್ಷವಷ್ಟೇ ಅತಿಥಿ ಉಪನ್ಯಾಸಕರಾಗಿ ಸೇರಿದ್ದೀರಿ. ರೇಖಾಚಿತ್ರ, ವರ್ಣಚಿತ್ರ, ಡಿಜಿಟಲ್ ಇಮೇಜಿಂಗ್ ಮೂರೂ ನಿಮ್ಮ ಪಾಲಿಗೆ ಬಂದಿವೆ. "ಮುಂದೆ ಟ್ಯಾಬ್ಲೆಟ್‌ನಲ್ಲೇ ಕೆಲಸ ಮಾಡುವವರಿಗೆ ಇದ್ದಿಲು, ಪೆನ್ಸಿಲ್ ಯಾಕೆ?" ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದಾರೆಂದೂ, ಪೆನ್ಸಿಲನ್ನು ಪೂರ್ತಿಯಾಗಿ ಕಲಿಸಿದ ಮೇಲೆ ಕಂಪ್ಯೂಟರಿಗೆ ಹೋಗಬೇಕೋ ಅಥವಾ ಎರಡನ್ನೂ ಜೊತೆಯಲ್ಲೇ ನಡೆಸಬೇಕೋ ತಿಳಿಯುತ್ತಿಲ್ಲವೆಂದೂ, ಅಂಕ ಕೊಡುವ ಬಗೆ ಹೇಗೆಂದೂ ಬರೆದಿದ್ದೀರಿ. ಮೈಸೂರಿನಲ್ಲಿ ಹದಿನೇಳು ವರ್ಷಗಳಿಂದ ಬಿ.ವಿ.ಎ. (ದೃಶ್ಯಕಲೆಯ ಪದವಿ) ತರಗತಿಗಳಿಗೆ ಇವನ್ನೇ ಕಲಿಸುತ್ತಿರುವವಳಾಗಿ ಹೇಳುತ್ತೇನೆ: ಜೊತೆಯಲ್ಲೇ ನಡೆಸಿ. ವೇಳಾಪಟ್ಟಿಯಲ್ಲಿ ಅವು ಮೂರು ವಿಷಯಗಳಾಗಿರಲಿ, ನೀವು ಮಾತ್ರ ಒಂದೇ ಸಮಸ್ಯೆಯನ್ನು ಎತ್ತಿಕೊಂಡು ಅದನ್ನು ಕಾಗದದಿಂದ ಬಣ್ಣಕ್ಕೆ, ಬಣ್ಣದಿಂದ ಪರದೆಗೆ, ಪರದೆಯಿಂದ ಮತ್ತೆ ಕಾಗದಕ್ಕೆ ಓಡಾಡಿಸಿ. ನನ್ನ ಮಟ್ಟಿಗೆ ಆ ಸಮಸ್ಯೆಯ ಹೆಸರು ಟೋನ್, ಅಂದರೆ ಒಂದು ಜಾಗ ಎಷ್ಟು ತಿಳಿ, ಎಷ್ಟು ಗಾಢ ಎಂಬ ಅಳತೆ.

ಮೊದಲ ವರ್ಷಕ್ಕೆ ಬರುವ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ಕೆಲವರು ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳನ್ನು ಪಾಸು ಮಾಡಿರುತ್ತಾರೆ; ಅವರ ಹೊರಗೆರೆ ಅಚ್ಚುಕಟ್ಟಾಗಿರುತ್ತದೆ. ಇನ್ನು ಕೆಲವರು ಮೊಬೈಲಿನಲ್ಲಿರುವ ಸಿನಿಮಾ ನಟರ ಫೋಟೋಗೆ ಚೌಕಳಿ ಎಳೆದು, ಅದನ್ನು ಕಾಗದಕ್ಕೆ ಇಳಿಸಿ, ಟಿಶ್ಯೂ ಕಾಗದದಿಂದ ಕೆನ್ನೆಯನ್ನು ಉಜ್ಜಿ ಉಜ್ಜಿ ನಯಗೊಳಿಸಿ ಊರಿನಲ್ಲಿ ಹೆಸರು ಮಾಡಿರುತ್ತಾರೆ. ಈ ಎರಡನೆಯ ಗುಂಪಿನವರನ್ನು ಹಗುರವಾಗಿ ಕಾಣಬೇಡಿ, ಅವರ ತಾಳ್ಮೆ ದೊಡ್ಡದು. ಆದರೆ ಅವರು ನೋಡಿರುವುದು ಕ್ಯಾಮೆರಾ ಆಗಲೇ ಚಪ್ಪಟೆ ಮಾಡಿಕೊಟ್ಟದ್ದನ್ನು. ಕಿಟಕಿಯ ಬೆಳಕಿನಲ್ಲಿ ಒಂದು ತಂಬಿಗೆ, ಎರಡು ಬದನೆಕಾಯಿ, ಕೆಳಗೆ ಬಿಳಿ ಪಂಚೆ ಇಟ್ಟು ಕೂರಿಸಿದರೆ ಅವರೇ ಮೊದಲು ತಬ್ಬಿಬ್ಬಾಗುತ್ತಾರೆ. ನನ್ನ ಮೊದಲ ಮೂರು ವಾರ ಪೂರ್ತಿ ಈ ತಂಬಿಗೆ, ಬದನೆಕಾಯಿಗಳದ್ದೇ. ಕೋಣೆಯ ಟ್ಯೂಬ್‌ಲೈಟುಗಳನ್ನು ಆರಿಸಿ ಒಂದೇ ಕಡೆಯ ಬೆಳಕನ್ನು ಉಳಿಸಿಕೊಳ್ಳಿ. ನಾಲ್ಕು ಕಡೆಯಿಂದ ಬೆಳಕು ಬೀಳುವ ಕೋಣೆಯಲ್ಲಿ ಟೋನ್ ಕಲಿಸುವುದು ಜಾತ್ರೆಯ ನಡುವೆ ಶ್ರುತಿ ಹಿಡಿಯಲು ಹೇಳಿದಂತೆ. 2ಬಿಯಿಂದ 8ಬಿವರೆಗಿನ ಪೆನ್ಸಿಲುಗಳಲ್ಲಿ ಒಂಬತ್ತು ಮೆಟ್ಟಿಲುಗಳ ಬೂದುಪಟ್ಟಿಯೊಂದನ್ನು ಪ್ರತಿಯೊಬ್ಬರೂ ಮಾಡಿಕೊಂಡು ಬೋರ್ಡಿನ ಅಂಚಿಗೆ ಕ್ಲಿಪ್ ಹಾಕಿರಬೇಕು. ಆಮೇಲೆ ಅದೇ ವಸ್ತುಗಳನ್ನು ಬರೀ ಮೂರು ಟೋನಿನಲ್ಲಿ, ಹೊರಗೆರೆಯೇ ಇಲ್ಲದೆ, ಇದ್ದಿಲಿನ ಅಗಲವಾದ ಮೈಯಿಂದ ಬರೆಯಿಸಿ. ಕಣ್ಣನ್ನು ಅರೆಮುಚ್ಚಿ ನೋಡುವ ಅಭ್ಯಾಸ ಇಲ್ಲಿಯೇ ಆಗಬೇಕು, ಏಕೆಂದರೆ ಹಾಗೆ ನೋಡಿದಾಗ ಸಣ್ಣ ವಿವರಗಳು ಅಳಿಸಿಹೋಗಿ ಕತ್ತಲೆಯ ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ.

ನಾಲ್ಕನೆಯ ವಾರಕ್ಕೆ ಕಂಪ್ಯೂಟರ್ ಬರಲಿ, ಆದರೆ ಚಿತ್ರ ಬರೆಯಲಿಕ್ಕಲ್ಲ, ಬರೆದ ಚಿತ್ರವನ್ನು ಪರೀಕ್ಷಿಸಲಿಕ್ಕೆ. ಪ್ರತಿಯೊಬ್ಬರೂ ತಮ್ಮ ಇದ್ದಿಲ ಚಿತ್ರದ ಫೋಟೋ ತೆಗೆದು ತಂತ್ರಾಂಶದಲ್ಲಿ ಅದರ ಹಿಸ್ಟೋಗ್ರಾಮ್ ಎಂಬ ನಕ್ಷೆಯನ್ನು ನೋಡುತ್ತಾರೆ. ಎಂಟು ಬಿಟ್ಟಿನ ಚಿತ್ರದಲ್ಲಿ, ಅಂದರೆ ಟೋನನ್ನು 256 ಮೆಟ್ಟಿಲುಗಳಲ್ಲಿ ಅಳೆಯುವ ಚಿತ್ರದಲ್ಲಿ, ಕಡುಗಪ್ಪು 0, ಅಚ್ಚಬಿಳಿ 255. ನಡುವೆ ಯಾವ ಟೋನಿನ ಚುಕ್ಕೆಗಳು ಎಷ್ಟಿವೆ ಎಂಬುದನ್ನು ಈ ನಕ್ಷೆ ಗುಡ್ಡದ ಆಕಾರದಲ್ಲಿ ತೋರಿಸುತ್ತದೆ. ಸಾಮಾನ್ಯವಾಗಿ ಮೊದಲ ವರ್ಷದ ಮುಕ್ಕಾಲು ಪಾಲು ಚಿತ್ರಗಳಲ್ಲಿ ಗುಡ್ಡ ನಡುವಿನಲ್ಲೇ ಇರುತ್ತದೆ. ಎರಡೂ ತುದಿ ಬೋಳು. "ಇನ್ನೂ ಕಪ್ಪು ಹಾಕು, ಹೆದರಬೇಡ" ಎಂದು ನಾನು ಹತ್ತು ಸಲ ಹೇಳಿದ್ದು ಆ ಒಂದು ನಕ್ಷೆಯಿಂದ ಅವರಿಗೆ ನಾಟುತ್ತದೆ, ಮತ್ತು ಅವರು ಎದ್ದುಹೋಗಿ ಅದೇ ಚಿತ್ರದ ಮೇಲೆ ಮತ್ತೆ ಇದ್ದಿಲು ಹಿಡಿಯುತ್ತಾರೆ. ಒಂದು ಎಚ್ಚರಿಕೆ: ಮೊಬೈಲ್ ಕ್ಯಾಮೆರಾ ತನ್ನಷ್ಟಕ್ಕೆ ಬೆಳಕನ್ನು ಹೆಚ್ಚುಕಡಿಮೆ ಮಾಡುತ್ತದೆ. ಆದ್ದರಿಂದ ಚಿತ್ರದ ಪಕ್ಕದಲ್ಲಿ ಒಂದು ಬಿಳಿ, ಒಂದು ಕಪ್ಪು ಕಾಗದದ ಚೂರನ್ನು ಇಟ್ಟೇ ಫೋಟೋ ತೆಗೆಯಿಸಿ, ಇಲ್ಲವಾದರೆ ಹೋಲಿಕೆಗೆ ಆಧಾರವೇ ಇರುವುದಿಲ್ಲ.

ಯಂತ್ರವನ್ನು ನಂಬಿ ನಾನು ಕೆಟ್ಟ ಕಥೆಯನ್ನೂ ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ನೀಲಿ ಸೀರೆಯ ಮೇಲೆ ಹಳದಿ ಚೆಂಡುಹೂಗಳನ್ನು ಪೋಸ್ಟರ್ ಬಣ್ಣದಲ್ಲಿ ಬರೆದಿದ್ದಳು. ಟೋನ್ ಪಾಠದ ಹುಮ್ಮಸ್ಸಿನಲ್ಲಿದ್ದ ನಾನು ಅದರ ಫೋಟೋವನ್ನು ಪರದೆಯ ಮೇಲೆ ಹಾಕಿ, "ಡಿಸ್ಯಾಚುರೇಟ್" ಒತ್ತಿ ಬಣ್ಣ ತೆಗೆದೆ. ಹೂವೂ ಸೀರೆಯೂ ಹೆಚ್ಚುಕಡಿಮೆ ಒಂದೇ ಬೂದು. "ನೋಡಿ, ಎರಡಕ್ಕೂ ಟೋನ್ ವ್ಯತ್ಯಾಸವೇ ಇಲ್ಲ, ಅದಕ್ಕೇ ಹೂವು ಮುಂದೆ ಬರುತ್ತಿಲ್ಲ" ಎಂದು ಇಡೀ ತರಗತಿಗೆ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಕಣ್ಣು ಅರೆಮುಚ್ಚಿ ನೋಡಿದರೆ ಹೂವು ತುಂಬಾ ತಿಳಿಯಾಗಿಯೇ ಕಾಣುತ್ತದಲ್ಲ" ಎಂದಳು. ನಾನೂ ಕಣ್ಣು ಅರೆಮುಚ್ಚಿದೆ. ಅವಳು ಹೇಳಿದ್ದೇ ಸರಿಯಾಗಿತ್ತು.

ಆ ಸಂಜೆ ಕೂತು ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಪರದೆಯ ಪ್ರತಿ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಎಂಬ ಮೂರು ಸಂಖ್ಯೆಗಳಲ್ಲಿ ಬರೆಯುತ್ತಾರೆ. ನಾನು ಒತ್ತಿದ ಆ ಆದೇಶವು ಈ ಮೂರು ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಕೂಡಿಸಿ ಎರಡರಿಂದ ಭಾಗಿಸುತ್ತದೆ. ಶುದ್ಧ ಹಳದಿ ಎಂದರೆ 255, 255, 0. ಶುದ್ಧ ನೀಲಿ ಎಂದರೆ 0, 0, 255. ಎರಡರಲ್ಲೂ ದೊಡ್ಡದು 255, ಚಿಕ್ಕದು 0. ಹಾಗಾಗಿ ಎರಡೂ ನಡುಬೂದು. ಮನುಷ್ಯನ ಕಣ್ಣು ಹೀಗೆ ಲೆಕ್ಕ ಹಾಕುವುದಿಲ್ಲ. ಹಸಿರು ಬೆಳಕು ಅದಕ್ಕೆ ಹೆಚ್ಚು ಪ್ರಖರ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ಬಹಳ ಕಡಿಮೆ. ಹಳೆಯ ಟಿ.ವಿ. ತಂತ್ರಜ್ಞಾನದಿಂದ ಬಂದು ಈಗಲೂ ಬಳಕೆಯಲ್ಲಿರುವ ಒಂದು ಸೂತ್ರದಲ್ಲಿ ನೂರಕ್ಕೆ ಸುಮಾರು 30 ಪಾಲು ಕೆಂಪಿಗೆ, 59 ಪಾಲು ಹಸಿರಿಗೆ, 11 ಪಾಲು ನೀಲಿಗೆ. ಈ ಲೆಕ್ಕದಲ್ಲಿ ಹಳದಿಗೆ 89 ಬಂದರೆ ನೀಲಿಗೆ ಬರುವುದು 11 ಮಾತ್ರ. ಮರುದಿನ ತರಗತಿಯ ಮುಂದೆ ತಪ್ಪನ್ನು ಒಪ್ಪಿಕೊಂಡು, ಅದನ್ನೇ ಪಾಠ ಮಾಡಿದೆ. ಕ್ರಿಟಾ, ಗಿಂಪ್ ಎರಡೂ ಚಿತ್ರ ಬರೆಯಲು, ತಿದ್ದಲು ಇರುವ ಉಚಿತ ತಂತ್ರಾಂಶಗಳು. ಬಣ್ಣ ತೆಗೆಯುವ ಆಯ್ಕೆ ಒತ್ತಿದರೆ ಯಾವ ಲೆಕ್ಕದಲ್ಲಿ ತೆಗೆಯಬೇಕೆಂದು ಅವು ಕೇಳುತ್ತವೆ. ಒಂದೇ ಚಿತ್ರವನ್ನು ಮೂರು ಲೆಕ್ಕಗಳಲ್ಲಿ ಬೂದು ಮಾಡಿಸಿ, ಯಾವುದು ಅರೆಗಣ್ಣಿನ ನೋಟಕ್ಕೆ ಹತ್ತಿರ ಎಂದು ವಿದ್ಯಾರ್ಥಿಗಳೇ ತೀರ್ಮಾನಿಸಲಿ. ಪೆನ್ಸಿಲ್ ಯಾಕೆ ಎಂದು ಕೇಳುವವರಿಗೆ ನಾನು ಈಗ ಬೇರೆ ಉತ್ತರ ಹೇಳುವುದಿಲ್ಲ, ಈ ಅಭ್ಯಾಸವನ್ನು ಮಾಡಿಸುತ್ತೇನೆ.

ಗೆರೆಯ ವಿಷಯದಲ್ಲಿ ಕಾಗದಕ್ಕೂ ಪರದೆಗೂ ಇರುವ ನಂಟು ಇನ್ನೂ ಹತ್ತಿರದ್ದು. ಬಹಳಷ್ಟು ಕಾಲೇಜುಗಳ ಲ್ಯಾಬಿನಲ್ಲಿರುವುದು ಪರದೆಯಿಲ್ಲದ ಅಗ್ಗದ ಟ್ಯಾಬ್ಲೆಟ್, ಅಂದರೆ ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ. ಕೈ ಮೇಜಿನ ಮೇಲೆ, ಕಣ್ಣು ಎದುರಿನ ಮಾನಿಟರಿನ ಮೇಲೆ. ಮೊದಲ ದಿನ ಎಲ್ಲರೂ ಕೈ ಕಳೆದುಕೊಂಡವರಂತೆ ಒದ್ದಾಡುತ್ತಾರೆ. ಇದಕ್ಕೆ ಮದ್ದು ರೇಖಾಚಿತ್ರದ ತರಗತಿಯಲ್ಲೇ ಇದೆ: ಕಾಗದವನ್ನು ನೋಡದೆ, ಎದುರಿನವರ ಕೈಯನ್ನೋ ಚಪ್ಪಲಿಯನ್ನೋ ಮಾತ್ರ ನೋಡುತ್ತಾ, ಪೆನ್ಸಿಲನ್ನು ಎತ್ತದೆ ಅದರ ಅಂಚನ್ನು ಬರೆಯುವ ಅಭ್ಯಾಸ. ಮೊದಲ ಸೆಮಿಸ್ಟರಿನಲ್ಲಿ ಇದನ್ನು ದಿನಕ್ಕೆ ಹತ್ತು ನಿಮಿಷ ಮಾಡಿದವರು ಟ್ಯಾಬ್ಲೆಟ್ಟಿಗೆ ಬೇಗ ಹೊಂದಿಕೊಳ್ಳುವುದನ್ನು ಪ್ರತಿ ವರ್ಷ ಕಂಡಿದ್ದೇನೆ.

ಟ್ಯಾಬ್ಲೆಟ್ ಹಿಡಿದ ಮೇಲೆ ಮೊದಲ ಕೆಲಸವೆಂದರೆ ತಂತ್ರಾಂಶದ ಸ್ಟೆಬಿಲೈಸರ್ ಆಯ್ಕೆಯನ್ನು ಆಫ್ ಮಾಡಿಡುವುದು. ಕೈ ನಡುಗಿದರೂ ಗೆರೆಯನ್ನು ನಯಗೊಳಿಸಿಕೊಡುವ ಈ ಸೌಲಭ್ಯ ಅಕ್ಷರವಿನ್ಯಾಸಕ್ಕೆ ಒಳ್ಳೆಯದು. ಕಲಿಯುವವರಿಗೆ ಮಾತ್ರ ಅದು ಎಲ್ಲರ ಗೆರೆಯನ್ನೂ ಒಬ್ಬರದೇ ಎನ್ನುವಂತೆ ಮಾಡಿಬಿಡುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಈ ಹೊತ್ತಿಗೆ ತೋರಿಸಿ. ಲಯವನ್ನು ಮೈಗೂಡಿಸಿಕೊಳ್ಳಲೆಂದು ಕಥಕ್ ಕಲಿತ ಚಿತ್ರಕಾರ ಅವರು. ನರ್ತಕಿಯ ಸೊಂಟದ ಬಳಿ ಗೆರೆ ಎಲ್ಲಿ ತೆಳುವಾಯಿತು, ಎಲ್ಲಿ ತುಂಡಾಗಿ ಮುಂದೆ ಮತ್ತೆ ಹುಟ್ಟಿತು ಎಂದು ಬೆರಳಿಟ್ಟು ತೋರಿಸಿದರೆ, ಪೆನ್ನಿನ ಒತ್ತಡಕ್ಕೆ ತಕ್ಕಂತೆ ಗೆರೆಯ ದಪ್ಪ ಬದಲಾಗುವ ಸೌಲಭ್ಯ ಟ್ಯಾಬ್ಲೆಟ್ಟಿನಲ್ಲಿ ಯಾತಕ್ಕಿದೆ ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ.

ಇನ್ನು ಬಣ್ಣ. ಪರದೆಯ ಬಣ್ಣ ಬೆಳಕು, ತಟ್ಟೆಯ ಬಣ್ಣ ಪುಡಿ ಎಂದು ಬಾಯಿಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಅಷ್ಟೇ. ಬಣ್ಣ ಕಲಸುವ ತಟ್ಟೆಯಲ್ಲಿ ಕೆಂಪಿಗೆ ಹಸಿರು ಸೇರಿಸಿ ಕೆಸರುಗಂದು ಬಂದ ಮರುಗಳಿಗೆಯೇ ಪರದೆಯಲ್ಲಿ ಕೆಂಪು, ಹಸಿರು ಎರಡನ್ನೂ 255ಕ್ಕೆ ಏರಿಸಿ ಹಳದಿ ಮಾಡಿ ತೋರಿಸಬೇಕು. ಜಲವರ್ಣವನ್ನು ಕಲಿಸುವಾಗ ಎರಡನೆಯ ನಂಟು ಸಿಗುತ್ತದೆ. ಪಾರದರ್ಶಕ ಬಣ್ಣದ ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ ಕೊಟ್ಟರೆ ಜಾಗ ಗಾಢವಾಗುತ್ತದೆಯೇ ಹೊರತು ತಿಳಿಯಾಗುವುದಿಲ್ಲ. ಬಿಳಿ ಬೇಕಾದರೆ ಕಾಗದವನ್ನೇ ಉಳಿಸಿಕೊಂಡಿರಬೇಕು. ಲೇಯರುಗಳಲ್ಲಿ, ಅಂದರೆ ಡಿಜಿಟಲ್ ಚಿತ್ರದಲ್ಲಿ ಒಂದರ ಮೇಲೊಂದು ಇಡುವ ಪದರಗಳಲ್ಲಿ, ಬರುವ "ಮಲ್ಟಿಪ್ಲೈ" ವಿಧಾನ ಇದೇ ಗುಣದ್ದು: 128ರ ಬೂದಿನ ಮೇಲೆ 128ರ ಬೂದು ಇಟ್ಟರೆ ಸಿಗುವುದು 64. ಜಲವರ್ಣದಲ್ಲಿ ಕೈ ಸುಟ್ಟುಕೊಂಡವರಿಗೆ ಈ ವಿಧಾನವನ್ನು ವಿವರಿಸಲು ಎರಡು ನಿಮಿಷ ಸಾಕು. ಮೊದಲೇ ಮೆನುವಿನಿಂದ ಕಲಿತವರು ಮೂರನೆಯ ವರ್ಷದಲ್ಲೂ ಒಂದೊಂದೇ ವಿಧಾನವನ್ನು ಒತ್ತಿ ನೋಡುತ್ತಾ ಅದೃಷ್ಟ ಪರೀಕ್ಷಿಸುತ್ತಿರುತ್ತಾರೆ.

ಸಾಧ್ಯವಾದರೆ ಮಕ್ಕಳನ್ನು ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕೆನಾಲ್ ಜಲವರ್ಣಗಳ ಮುಂದೆ ನಿಲ್ಲಿಸಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಚಿತ್ರಶಾಲೆಯಿದೆ, ತೆರೆದಿರುವ ದಿನವನ್ನು ವಿಚಾರಿಸಿಕೊಂಡು ಹೋಗಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಅವರು ಬೆಟ್ಟದ ಮಂಜನ್ನು ಕಟ್ಟಿರುವುದು ಒಂದಕ್ಕೊಂದು ಬಹಳ ಹತ್ತಿರವಿರುವ ಟೋನುಗಳಲ್ಲಿ. ಮೊಬೈಲಿನಲ್ಲಿ ಅದರ ಫೋಟೋ ನೋಡಿದಾಗ ಆ ಸೂಕ್ಷ್ಮ ಅಂತರಗಳಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಮಾಯವಾಗುತ್ತದೆ ಎಂಬುದನ್ನು ಅಲ್ಲಿಯೇ ನಿಂತು ಹೋಲಿಸಲಿ. ದೂರದ ಪ್ರಯಾಣ ಆಗದಿದ್ದರೆ ನಿಮ್ಮೂರಿನ ಸಂತೆ ಸಾಕು. ನಾವು ದೇವರಾಜ ಮಾರುಕಟ್ಟೆಗೆ ಹೋಗುತ್ತೇವೆ. ಕುಂಕುಮದ, ರಂಗೋಲಿ ಪುಡಿಯ ಗೋಪುರದಂಥ ರಾಶಿಗಳಿಗಿಂತ ಒಳ್ಳೆಯ ಬಣ್ಣದ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ವ್ಯಾಪಾರದ ಹೊತ್ತಿನಲ್ಲಿ ದಾರಿಗೆ ಅಡ್ಡ ಕೂರಬಾರದು ಎಂಬುದನ್ನು ಮಾತ್ರ ಮೊದಲೇ ಹೇಳಿ ಕರೆದೊಯ್ಯಿರಿ.

ಮುದ್ರಣವನ್ನು ಪಠ್ಯಕ್ರಮದ ಕೊನೆಗೆ ದೂಡಬೇಡಿ, ಏಕೆಂದರೆ ವಿದ್ಯಾರ್ಥಿಗಳಿಗೆ ದುಡ್ಡು ಕಳೆಯುವುದು ಅಲ್ಲಿಯೇ. ಪರದೆಯ ಹೊಳೆಯುವ ಹಸಿರು, ನೇರಳೆಗಳು ನಾಲ್ಕು ಶಾಯಿಗಳ ಮುದ್ರಣದಲ್ಲಿ ಮಂಕಾಗುತ್ತವೆ, ಆ ಶಾಯಿಗಳಿಗೆ ಅಷ್ಟು ಪ್ರಖರತೆಯನ್ನು ತೋರಿಸುವ ಶಕ್ತಿಯೇ ಇಲ್ಲ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಲು 2480 × 3508 ಪಿಕ್ಸೆಲ್ ಬೇಕು. ಈ ಲೆಕ್ಕವನ್ನು ಚಿತ್ರ ಆರಂಭಿಸುವ ಮುನ್ನವೇ ಅವರಿಂದ ಮಾಡಿಸಿ. ಇಷ್ಟೆಲ್ಲ ಕಲಿತವರೂ ಕೊನೆಯ ರಾತ್ರಿ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಪ್ರಿಂಟ್ ಅಂಗಡಿಗೆ ಕಳುಹಿಸಿ, ಕುಗ್ಗಿಹೋದ ಕಡತದಿಂದ ಮಸುಕು ಪ್ರಿಂಟ್ ತೆಗೆಸಿಕೊಂಡು ಬರುತ್ತಾರೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಕುಗ್ಗುವುದಿಲ್ಲ ಎಂಬ ಒಂದು ಸಾಲನ್ನು ನಾನು ಲ್ಯಾಬಿನ ಗೋಡೆಯ ಮೇಲೆ ಅಂಟಿಸಿದ್ದೇನೆ. ಮೈಸೂರು ಶೈಲಿಯ ಚಿತ್ರಗಳನ್ನು ಸ್ಕ್ಯಾನ್ ಮಾಡುವವರಿಗೆ ಇನ್ನೊಂದು ಮಾತು: ಚಿನ್ನದ ರೇಕು ಸ್ಕ್ಯಾನರಿನಲ್ಲಿ ಹೊಳೆಯದೆ ಮಣ್ಣುಗಂದಾಗಿ ಬರುತ್ತದೆ. ಅಂಥ ಚಿತ್ರಗಳನ್ನು ಓರೆಬೆಳಕಿನಲ್ಲಿ ಕ್ಯಾಮೆರಾದಿಂದಲೇ ಹಿಡಿಯಬೇಕು.

ಅಂಕಗಳ ಬಗ್ಗೆ ನನ್ನ ನಿಲುವು ಸ್ವಲ್ಪ ಕಟ್ಟುನಿಟ್ಟಿನದು. ಡಿಜಿಟಲ್ ಕೆಲಸಕ್ಕೆ ಜೆಪೆಗ್ ಕಡತವನ್ನಷ್ಟೇ ಕೊಟ್ಟರೆ ನಾನು ಒಪ್ಪಿಕೊಳ್ಳುವುದಿಲ್ಲ. ಲೇಯರುಗಳು ಬಿಡಿಬಿಡಿಯಾಗಿರುವ ಮೂಲ ಕಡತ, ಜೊತೆಗೆ ಕಾಗದದ ಮೇಲೆ ಬೆಂಕಿಪೊಟ್ಟಣದಷ್ಟು ಗಾತ್ರದ ಹನ್ನೆರಡು ಟೋನ್ ಕರಡುಗಳು ಇರಲೇಬೇಕು. ಫೋಟೋ ಮೇಲೆ ಗೆರೆ ಎಳೆದು ಇಳಿಸಿಕೊಂಡದ್ದನ್ನು ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ಫೋಟೋ ಇದ್ದ ಲೇಯರನ್ನು ಅಳಿಸದೆ ಉಳಿಸಿಕೊಟ್ಟಿರಬೇಕು ಮತ್ತು ಆ ಫೋಟೋ ಸ್ವಂತದ್ದಾಗಿರಬೇಕು. ಮುಗಿದ ಚಿತ್ರಕ್ಕಿಂತ ಕರಡುಗಳಿಗೆ ಹೆಚ್ಚು ಅಂಕ ಇಡುತ್ತೇನೆ; ಒಂದು ಪದ ಟೈಪು ಮಾಡಿದರೆ ಯಂತ್ರವೇ ಚಿತ್ರ ಕೊಡುವ ಈ ದಿನಗಳಲ್ಲಿ ಅದರಿಂದ ಜಗಳ ಕಡಿಮೆಯಾಗಿದೆ. ಎಲ್ಲರನ್ನೂ ಒಬ್ಬೊಬ್ಬರಾಗಿ ಐದು ನಿಮಿಷ ಕೂರಿಸಿಕೊಂಡು, ಚಿತ್ರದ ಒಂದು ಜಾಗಕ್ಕೆ ಬೆರಳಿಟ್ಟು "ಇಲ್ಲಿ ಯಾಕೆ ಇಷ್ಟು ಕತ್ತಲೆ?" ಎಂದು ಕೇಳಿ. ಯಾವ ಅಂಕ ಕೊಡಬೇಕೆಂಬುದು ಆ ಉತ್ತರದಲ್ಲೇ ತಿಳಿಯುತ್ತದೆ.

ಮೂವತ್ತು ವಿದ್ಯಾರ್ಥಿಗಳಿಗೆ ಹನ್ನೆರಡೇ ಕಂಪ್ಯೂಟರುಗಳಿವೆ ಎಂದೂ ಬರೆದಿದ್ದೀರಿ. ನಮ್ಮಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಪರದೆಯ ಮುಂದೆ ಇಬ್ಬಿಬ್ಬರಂತೆ ಇರುವಾಗ ಇನ್ನೊಂದು ಗುಂಪು ಅದೇ ಲ್ಯಾಬಿನಲ್ಲಿ ನಿಂತು, ಪರದೆಯ ಬೆಳಕು ಬಿದ್ದ ಆ ಗೆಳೆಯರ ಮುಖಗಳನ್ನು ಇದ್ದಿಲಿನಲ್ಲಿ ಬರೆಯಲಿ. ಒಂದು ಗಂಟೆಯ ಮೇಲೆ ಜಾಗ ಬದಲಿಸಿ. ಕರೆಂಟು ಹೋದ ದಿನ ಎಲ್ಲರೂ ಕಿಟಕಿಯ ಪಕ್ಕದ ತಂಬಿಗೆಗೆ ವಾಪಸ್ಸು.